ವೃಷಭಾವತಿಯ ಒಂದು ಕಾಳು ಚಿನ್ನ

ಮೆಟ್ರೊ ರೈಲು ಕೆಂಗೇರಿಯ ಕಡೆಗೆ ಹೋಗುವಾಗ ಒಂದೆರಡು ನಿಲ್ದಾಣಗಳಲ್ಲಿ ಬಾಗಿಲು ತೆರೆದ ಕೂಡಲೇ ಒಂದು ವಾಸನೆ ಒಳಕ್ಕೆ ನುಗ್ಗುತ್ತದೆ. ಜನ ಕರವಸ್ತ್ರ ಹುಡುಕುತ್ತಾರೆ, ಸೆರಗು ಎಳೆದುಕೊಳ್ಳುತ್ತಾರೆ. ನಾನು ಮೂಗು ಮುಚ್ಚಿಕೊಳ್ಳುವುದಿಲ್ಲ. ಹೋದ ತಿಂಗಳು ನನ್ನ ಎದುರು ನಿಂತಿದ್ದ ಕಾಲೇಜು ಹುಡುಗನೊಬ್ಬ ಗೆಳೆಯನಿಗೆ, "ಮಚ್ಚಾ, ಈ ಮೋರಿ ದಾಟೋವರ್ಗೂ ಉಸ್ರು ಬಿಡ್ಬೇಡ" ಎಂದ. ನನ್ನ ಬಾಯಿ ಸುಮ್ಮನಿರಲಿಲ್ಲ.

"ಮೋರಿ ಅಲ್ಲ ಕಣಪ್ಪ, ನದಿ. ವೃಷಭಾವತಿ."

"ಇದು ನದೀನಾ ಅಂಕಲ್?"

"ನಿನ್ನ ವಯಸ್ಸಲ್ಲಿ ನಾನು ಇದರಲ್ಲಿ ಚಿನ್ನ ತೊಳೆದಿದೀನಿ."

ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಆದರೆ ಒಳ್ಳೆಯ ಹುಡುಗರು. ಒಬ್ಬ, "ಸಿಕ್ತಾ ಅಂಕಲ್?" ಎಂದು ಕೇಳಿದ. ನಾನು ಕಿಟಕಿಯ ಆಚೆ ನೋಡಿದೆ. ಕೆಳಗೆ ಕಪ್ಪು ನೀರು ನೊರೆ ಹೊತ್ತುಕೊಂಡು ಕಾಂಕ್ರೀಟು ಗೋಡೆಗಳ ನಡುವೆ ಹೋಗುತ್ತಿತ್ತು. ನೀರು ಏನಾದರೂ ಆಗಲಿ, ತಿರುವುಗಳು ಮಾತ್ರ ಹಳೆಯವೇ.

ನಮ್ಮ ವಂಶದಲ್ಲಿ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಬರೆದುಕೊಂಡ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ಅಪ್ಪ ಬಟ್ಟೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವರು. ಸಂಬಳದ ಪಟ್ಟಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವರು. ಅಮ್ಮನಿಗೆ ಅಕ್ಷರ ಗೊತ್ತಿರಲಿಲ್ಲ. ರಾಜಾಜಿನಗರದ ಒಂದು ವಠಾರದಲ್ಲಿ ಎಂಟು ಮನೆಗಳಿಗೆ ಒಂದೇ ನಲ್ಲಿ, ಒಂದೇ ಬಚ್ಚಲು. ಅಲ್ಲಿಂದ ನಾನು ಕಾಲೇಜಿಗೆ ಹೋಗುತ್ತಿದ್ದೆ. ಓದಿದ್ದು ಭೂವಿಜ್ಞಾನ. "ಕಲ್ಲು ಓದಕ್ಕೂ ಕಾಲೇಜ್ ಬೇಕೇನೋ?" ಎಂದು ವಠಾರದವರು ತಮಾಷೆ ಮಾಡುತ್ತಿದ್ದರು.

ನನ್ನ ಅಕ್ಕ ಸರೋಜ ನನಗಿಂತ ಒಂದು ವರ್ಷ ದೊಡ್ಡವಳು. ಏಳನೇ ಕ್ಲಾಸಿಗೆ ಅವಳನ್ನು ಶಾಲೆ ಬಿಡಿಸಿದರು. ಇಬ್ಬರನ್ನೂ ಓದಿಸುವ ಶಕ್ತಿ ಮನೆಗಿರಲಿಲ್ಲ. ಗಂಡು ಓದಲಿ ಎಂದರು. ಅವಳು ಅಮ್ಮನ ಜೊತೆ ಕುಳಿತು ಅಗರಬತ್ತಿ ಹೊಸೆಯತೊಡಗಿದಳು. ಮೊಣಕಾಲಿನ ಮೇಲೆ ಮರದ ಹಲಗೆ, ಪಕ್ಕದಲ್ಲಿ ಇದ್ದಿಲು ಪುಡಿಯ ಕಪ್ಪು ಮುದ್ದೆ. ಒಂದು ಕಡ್ಡಿ, ಒಂದು ಉರುಳು. ಒಂದು ಕಡ್ಡಿ, ಒಂದು ಉರುಳು. ಅವಳ ಅಂಗೈ ಎಷ್ಟು ಉಜ್ಜಿ ತೊಳೆದರೂ ಬೂದು ಬಣ್ಣವೇ. ಮೂಗಿನಲ್ಲಿ ಮಾತ್ರ ಒಂದು ಚೂರು ಚಿನ್ನ ಮಿಂಚುತ್ತಿತ್ತು. ಅಜ್ಜಿ ಕೊಟ್ಟಿದ್ದ ಮೂಗುಬೊಟ್ಟು.

ನಾನು ಗಟ್ಟಿಯಾಗಿ ಓದುತ್ತಿದ್ದೆ. ಅವಳು ಕೇಳಿಸಿಕೊಂಡು ಹೊಸೆಯುತ್ತಿದ್ದಳು. ಖನಿಜಗಳ ಗಟ್ಟಿತನದ ಪಟ್ಟಿ ಇದೆಯಲ್ಲ, ಅತ್ಯಂತ ಮೆತ್ತಗಿನದರಿಂದ ಹಿಡಿದು ವಜ್ರದವರೆಗೆ ಹತ್ತು ಹೆಸರು, ಅದನ್ನು ನನಗಿಂತ ಮೊದಲು ಅವಳು ಬಾಯಿಪಾಠ ಮಾಡಿದಳು. ಒಂದು ಹೆಸರಿಗೆ ಒಂದು ಕಡ್ಡಿ. "ಟಾಲ್ಕು, ಜಿಪ್ಸಮ್ಮು, ಕ್ಯಾಲ್ಸೈಟು, ಫ್ಲೋರೈಟು..." ಎಂದು ರಾಗ ಎಳೆಯುತ್ತ ಹತ್ತು ಕಡ್ಡಿ ಮುಗಿಸಿ, "ಡೈಮಂಡು!" ಎಂದು ಕಪ್ಪು ಬೆರಳಿನಿಂದ ನನ್ನ ಮೂಗಿಗೆ ಒಂದು ಚುಕ್ಕೆ ಇಡುತ್ತಿದ್ದಳು. ನಾನು ನಡುವೆ ಒಂದು ಹೆಸರು ಮರೆತರೆ, "ಥೂ ಪೆದ್ದ, ನಿನ್ನ ಬದ್ಲು ನಾನೇ ಹೋಗ್ಬೇಕಿತ್ತು ಕಣೋ ಕಾಲೇಜ್ಗೆ" ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ನಾವೂ ನಗುತ್ತಿದ್ದೆವು.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ನನ್ನ ಎರಡನೆಯ ವರ್ಷದ ಪರೀಕ್ಷೆಗಳು ನಡೆಯುತ್ತಿದ್ದಾಗ, ಅವಳಿಗೆ ಕಾಮಾಲೆ ಬಂತು. ಮೊದಲು ಸೊಪ್ಪಿನ ರಸ, ಆಮೇಲೆ ತಾಯಿತ, ಎಲ್ಲ ಮುಗಿದ ಮೇಲೆ ಆಸ್ಪತ್ರೆ. ಹನ್ನೊಂದು ದಿನ. ಹತ್ತೊಂಬತ್ತು ವರ್ಷ.

ಕೆಂಗೇರಿಯ ಆಚೆ ಇರುವ ನಮ್ಮ ಹಳ್ಳಿಗೆ ದೇಹ ಒಯ್ದರು. ಮದುವೆಯಾಗದ ಹೆಣ್ಣು, ಹೂಳಬೇಕು ಎಂದರು ಕೆಲವರು. ಅಂಟುರೋಗದ ದೇಹ, ಸುಡಬೇಕು ಎಂದರು ಕೆಲವರು. ಸುಟ್ಟರು. ಹೊರಡುವ ಮೊದಲು ಅಮ್ಮ ಅವಳ ಮೂಗುಬೊಟ್ಟನ್ನು ಬಿಚ್ಚಿ, ತೊಳೆದು, ಅವಳ ನಾಲಿಗೆಯ ಮೇಲಿಟ್ಟು ಬಾಯಿ ಮುಚ್ಚಿದಳು. ಹೋಗುವವರ ಬಾಯಲ್ಲಿ ಒಂದು ಚೂರು ಚಿನ್ನ ಇರಬೇಕು, ಬರಿಬಾಯಲ್ಲಿ ಹೋದರೆ ದಾರಿಯಲ್ಲಿ ನಿಂತುಬಿಡುತ್ತಾರೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಮೂರನೆಯ ದಿನ ಬೂದಿಯನ್ನು ವೃಷಭಾವತಿಗೆ ಬಿಟ್ಟರು. ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿಯಿಲ್ಲ. ನಾನೂ ಹೋಗಲಿಲ್ಲ. ಅವತ್ತು ನನಗೆ ಭೂವಿಜ್ಞಾನದ ಪ್ರಾಕ್ಟಿಕಲ್ ಪರೀಕ್ಷೆ. "ನೀನು ಹೋಗಿ ಬರಿ. ಅವಳಿದ್ದಿದ್ರೂ ಅದೇ ಹೇಳ್ತಿದ್ಲು" ಎಂದು ಅಪ್ಪ ಕಳಿಸಿದರು. ನಾನು ಹೋಗಿ ಒಂದು ಕಲ್ಲನ್ನೂ ಗುರುತಿಸಲಾಗದೆ ಎರಡು ಗಂಟೆ ಕುಳಿತು ಎದ್ದುಬಂದೆ. ಆ ಪ್ರಾಕ್ಟಿಕಲ್ ಫೇಲಾಯಿತು.

ಹೀಗೆ ನನ್ನ ಕೊನೆಯ ವರ್ಷ ಶುರುವಾಯಿತು. ಈ ವರ್ಷ ಫೇಲಾದದ್ದೂ ಸೇರಿ ಎರಡೂ ಪ್ರಾಕ್ಟಿಕಲ್ ಪಾಸಾಗಬೇಕು. ಆಗದಿದ್ದರೆ ಡಿಗ್ರಿ ಇಲ್ಲ. ಅವಳನ್ನು ಶಾಲೆ ಬಿಡಿಸಿದ್ದು, ಅವಳು ಆರೇಳು ವರ್ಷ ಕಡ್ಡಿ ಹೊಸೆದದ್ದು, ಎಲ್ಲ ನೀರಿಗೆ ಹೋದಂತೆ. ಮನೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಮ್ಮ ಒಬ್ಬಳೇ ಹೊಸೆಯುತ್ತಿದ್ದಳು. ಪಕ್ಕದಲ್ಲಿ ಸರೋಜಕ್ಕನ ಹಲಗೆಯನ್ನು ಗೋಡೆಗೆ ಒರಗಿಸಿ ಇಟ್ಟಿದ್ದಳು, ತೆಗೆಯಲು ಬಿಡುತ್ತಿರಲಿಲ್ಲ. ನಾನು ಓದುವಾಗ ಆ ಹಲಗೆ ಉಜ್ಜಿದ ಸದ್ದು ಕೇಳಿದಂತಾಗುತ್ತಿತ್ತು. ತಲೆ ಎತ್ತಿದರೆ ಅಮ್ಮನೂ ಅದರ ಕಡೆಗೇ ನೋಡುತ್ತಿರುತ್ತಿದ್ದಳು.

ಮಳೆಗಾಲದಲ್ಲಿ ನಮ್ಮ ಮೇಷ್ಟ್ರು ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಒಂದು ಹಳ್ಳದ ಮರಳನ್ನು ತಾವೇ ತೊಳೆದು, ತಳದಲ್ಲಿ ಉಳಿಯುವ ಭಾರದ ಖನಿಜಗಳನ್ನು ಗಾಜಿನ ಕೊಳವೆಯಲ್ಲಿ ತುಂಬಿ, ಎಲ್ಲಿ ಸಿಕ್ಕಿತು, ಎಲ್ಲಿಂದ ಬಂತು ಎಂದು ಬರೆದು ಪರೀಕ್ಷೆಗೆ ತರಬೇಕು. ಪುಸ್ತಕದಲ್ಲಿ ಅದಕ್ಕೊಂದು ತಟ್ಟೆಯ ಚಿತ್ರವಿತ್ತು. ಅಂಥ ತಟ್ಟೆ ನನ್ನ ಬಳಿ ಇರಲಿಲ್ಲ. ಆದರೆ ನಮ್ಮ ಬೀದಿಗೆ ಜಾಲಗಾರ ಮುನಿಯಮ್ಮ ಬರುತ್ತಿದ್ದಳು.

ಜಾಲಗಾರರೆಂದರೆ ಅಕ್ಕಸಾಲಿಗರ ಅಂಗಡಿಗಳ ಮುಂದಿನ ಧೂಳು ಗುಡಿಸಿ, ಚರಂಡಿಯ ಕೆಸರು ಬಗೆದು, ತೊಳೆದು ಚಿನ್ನದ ಪುಡಿ ತೆಗೆಯುವವರು. ಅವಳ ಹತ್ತಿರ ಮರಿಗೆ ಎನ್ನುವ ಮರದ ಬೋಗುಣಿ ಇತ್ತು. ನಡುವೆ ತಗ್ಗು, ಅಂಚಿಗೆ ಹೋದಂತೆ ಚಪ್ಪಟೆ. ಒಂದು ಬೆಳಗ್ಗೆ ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತೆ.

"ಏನ್ ಸಾಮಿ, ಬಿಯೆಸ್ಸಿ ಓದೋರು ಮೋರಿ ತೊಳ್ಯಕ್ ಬಂದ್ರಿ?"

"ಕಲ್ಸಿಕೊಡಮ್ಮ. ಪರೀಕ್ಷೆಗೆ ಬೇಕು."

"ಅಯ್ಯೋ ಶಿವನೇ! ಇದಕ್ಕೂ ಪರೀಕ್ಸೆ ಮಡಗವ್ರಾ? ಹಂಗಿದ್ರೆ ನಾನು ಎಷ್ಟನೇ ಕ್ಲಾಸು?"

ಕಲಿಸಿದಳು. ಮಣ್ಣು ತುಂಬಿ ನೀರಿನಲ್ಲಿ ಮುಳುಗಿಸು. ಹೆಂಟೆ ಒಡೆ. ದಪ್ಪ ಕಲ್ಲು ಆಯ್ದು ಬಿಸಾಕು. ಆಮೇಲೆ ತೊಟ್ಟಿಲು ತೂಗಿದ ಹಾಗೆ ತೂಗು. ಹಗುರದ್ದು ತಾನಾಗಿ ಅಂಚು ದಾಟಿ ಹೋಗುತ್ತದೆ, ಭಾರದ್ದು ತಳಕ್ಕೆ ಕೂರುತ್ತದೆ. ನಾನು ಜೋರಾಗಿ ಅಲ್ಲಾಡಿಸಿದೆ. ಎಲ್ಲವೂ ಚರಂಡಿಗೆ ಹೋಯಿತು. "ಮಗಾ ಬಿದ್ದೋಯ್ತು, ತೊಟ್ಲು ಮಾತ್ರ ಉಳೀತು!" ಎಂದು ಅವಳು ನಕ್ಕಳು. ನಲ್ಲಿಯ ಹತ್ತಿರದ ಹೆಂಗಸರೂ ನಕ್ಕರು. ನಾಲ್ಕು ದಿನಕ್ಕೆ ಕೈ ಹದಕ್ಕೆ ಬಂತು.

ಮರಿಗೆಯನ್ನು ಎರವಲು ಕೊಡುವಾಗ ಅವಳು ನನ್ನ ಕೈ ಹಿಡಿದಳು. "ಒಂದ್ ಮಾತು ಕೇಳ್ಕಳಿ. ಹೊಳೇಲಿ ತೊಳ್ಯೋವಾಗ ಪುಡಿ ಸಿಕ್ರೆ ನಿಮ್ದು. ಆಕಾರ ಇರೋದು ಸಿಕ್ರೆ ಅದ್ಯಾರ್ದೋ ಬಾಯಿಂದು. ಅದನ್ನ ಅಲ್ಲೇ ಬುಟ್ಬುಡಿ. ನಮ್ಮೋರಲ್ಲಿ ಅದ ಇಟ್ಕಂಡೋರ್ ಯಾರೂ ನೆಟ್ಟಗೆ ನಿದ್ದೆ ಮಾಡಿಲ್ಲ."

ನಾನು ತಲೆಯಾಡಿಸಿದೆ. ನಾನು ವಿಜ್ಞಾನದ ವಿದ್ಯಾರ್ಥಿ.

ದೀಪಾವಳಿ ಕಳೆದು ನೀರು ಇಳಿದ ಮೇಲೆ ಒಂದು ಭಾನುವಾರ ಹೊರಟೆವು. ಅಮ್ಮನನ್ನು ಹೊರಡಿಸಿದ್ದು ಅವಳ ತಂಗಿ, ನಮ್ಮ ಚಿಕ್ಕಮ್ಮ. ಚಿಕ್ಕಮ್ಮ ಬಾಯಿ ಜೋರಿನವಳು. "ಏಳು ತಿಂಗ್ಳಿಂದ ಆ ಗೋಡೆ ನೋಡ್ಕೊಂಡ್ ಕೂತಿದೀಯ. ಗೋಡೆ ಸವ್ದೋಯ್ತದೆ, ಏಳೇ. ನಿನ್ ಮಗ ಚಿನ್ನ ತೆಗೀತಾನಂತೆ, ನಂಗೊಂದು ಸೊಂಟದ ಪಟ್ಟಿ ಮಾಡಿಸ್ಕೊಡ್ಬೇಕು." ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಅಪ್ಪ, ಅಮ್ಮ, ಚಿಕ್ಕಮ್ಮ, ನಾನು ಸಿಟಿ ಸ್ಟೇಷನ್ನಿನಿಂದ ಪ್ಯಾಸೆಂಜರ್ ರೈಲು ಹತ್ತಿದೆವು. ಉಗಿಬಂಡಿ. ಕೆಂಗೇರಿಯಲ್ಲಿ ಇಳಿಯುವಷ್ಟರಲ್ಲಿ ಎಲ್ಲರ ಮುಖದ ಮೇಲೂ ಮಸಿಯ ಚುಕ್ಕಿ. ಅಮ್ಮ ತನ್ನ ಸೆರಗಿನಿಂದ ನನ್ನ ಮೂಗಿನ ಮೇಲಿನದನ್ನು ಒರೆಸಿದಳು. ಒರೆಸಿದ ಕೈ ಅಲ್ಲೇ ಒಂದು ಕ್ಷಣ ನಿಂತಿತು.

ನಮ್ಮ ಹಳ್ಳಿಗೆ ಹೋಗುವುದು ರಸ್ತೆಯ ಕಡೆಯಿಂದ. ನಾವು ಅವತ್ತು ಸ್ಟೇಷನ್ನಿನಿಂದ ಹೊಲಗಳ ನಡುವೆ, ಇನ್ನೊಂದು ಕಡೆಯಿಂದ ಹೊಳೆಗೆ ಇಳಿದೆವು. ಆಗ ವೃಷಭಾವತಿಯಲ್ಲಿ ತಳದ ಮರಳು ಕಾಣುತ್ತಿತ್ತು. ದಡದಲ್ಲಿ ಅಗಸರು ಬಟ್ಟೆ ಹರವಿದ್ದರು. ನಾನು ಮುಂದೆ, ಕೈಯಲ್ಲಿ ಮರಿಗೆ, ಹೆಗಲಲ್ಲಿ ಚೀಲ. ಹೊಳೆ ಒಂದು ಕಡೆ ಬಿಲ್ಲಿನ ಹಾಗೆ ಬಾಗಿತ್ತು. ತಿರುವಿನ ಒಳಮಗ್ಗುಲಲ್ಲಿ ಮರಳಿನ ದಿಬ್ಬ. ನೀರು ಬರುವ ಮೇಲ್ಗಡೆ, ಮಾತಾಡಿದರೆ ಕೇಳುವಷ್ಟು ದೂರದಲ್ಲಿ, ಒಂದು ಹೊಂಗೆ ಮರ ನೀರಿನ ಮೇಲೆ ಬಾಗಿತ್ತು.

"ಇಲ್ಲೇ" ಎಂದೆ.

ಅಪ್ಪ ನಿಂತುಬಿಟ್ಟರು. "ಬ್ಯಾಡ ಕಣಪ್ಪ. ಇನ್ನೂ ಸ್ವಲ್ಪ ಕೆಳಕ್ಕೋಗಣ."

"ಯಾಕಪ್ಪ?"

"ಇಲ್ಲಿ ಆಳ ಐತೆ."

ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ನಾನು ನಕ್ಕು, ಅಪ್ಪನಿಗೆ ಪಾಠ ಹೇಳಿದೆ. ನೀರು ತಿರುವಿನ ಹೊರಮಗ್ಗುಲಲ್ಲಿ ಓಡುತ್ತದೆ, ಒಳಮಗ್ಗುಲಲ್ಲಿ ಸುಸ್ತಾಗುತ್ತದೆ, ಮೇಲಿನಿಂದ ಹೊತ್ತು ತಂದ ಭಾರದ್ದನ್ನೆಲ್ಲ ಅಲ್ಲಿ ಇಳಿಸುತ್ತದೆ. ಮೇಲೆ ಏನು ಬಿದ್ದರೂ ಕೊನೆಗೆ ಇಲ್ಲಿಗೇ ಬರಬೇಕು ಎಂದೆ. ಇದೇ ಮಾತು. ಅಪ್ಪ ನನ್ನನ್ನೂ, ಹೊಂಗೆ ಮರವನ್ನೂ ನೋಡಿದರು. ಅವರು ಮಗನಿಗೆ ಎದುರು ಮಾತಾಡುವುದನ್ನು ನಾನು ಕಾಲೇಜು ಸೇರಿದ ದಿನವೇ ಬಿಟ್ಟಿದ್ದರು. "ಓದಿರೋನು ನೀನು. ನೀ ಹೇಳ್ದಂಗೇ ಆಗ್ಲಿ" ಎಂದು ದಡದ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕುಳಿತು ಬೀಡಿ ಹಚ್ಚಿದರು.

ಮೊದಲು ನಾನು ತೊಳೆದೆ. ಬರಿ ಕಪ್ಪು ಮರಳು. ಆಮೇಲೆ ಚಿಕ್ಕಮ್ಮ ಸೀರೆ ಎತ್ತಿ ಕಟ್ಟಿ ಇಳಿದಳು. ಮರಿಗೆಯನ್ನು ತಿರುಗಿಸಲು ಹೋಗಿ ತಾನೇ ತಿರುಗಿ ನೀರಿನಲ್ಲಿ ಕುಳಿತುಬಿಟ್ಟಳು. "ನನ್ ಸೊಂಟಕ್ಕೆ ಪಟ್ಟಿ ಕೇಳಿದ್ರೆ ಸೊಂಟಾನೇ ಮುರೀತಲ್ಲೋ ನಂಜ!" ಅಮ್ಮ ನಕ್ಕಳು. ಏಳು ತಿಂಗಳಲ್ಲಿ ಅವಳ ನಗು ಕೇಳಿದ್ದು ಅದೇ ಮೊದಲು. ಅಪ್ಪನೂ ತಿರುಗಿ ನೋಡಿದರು. "ಕೊಡೋ ಇಲ್ಲಿ. ಮೊರದಲ್ಲಿ ಕೇರೋದಕ್ಕಿಂತ ಕಷ್ಟಾನಾ ಇದು?" ಎಂದು ಅಮ್ಮ ಮರಿಗೆ ಇಸಿದುಕೊಂಡಳು.

ಅವಳ ಕೈಗೆ ಅದು ಕೂಡಲೇ ಒಗ್ಗಿತು. ಅಕ್ಕಿಯಿಂದ ಕಲ್ಲು ಬೇರೆ ಮಾಡಿದ ಕೈ, ಕಡ್ಡಿ ಹೊಸೆದ ಕೈ. ಒಂದು ತೂಗು, ಒಂದು ಓರೆ. ಬಿಳಿ ಮರಳು ಹೋಯಿತು, ಕೆಂಪು ಹೋಯಿತು, ಕಪ್ಪು ಮರಳು ತಳದಲ್ಲಿ ಎಳೆಚಂದ್ರನ ಹಾಗೆ ನಿಂತಿತು. ಅದರ ತುದಿಯಲ್ಲಿ ಏನೋ ಹಳದಿ.

"ನಂಜ, ಏನೋ ಮಿಂಚ್ತೈತೆ ನೋಡೋ!"

"ಕಾಗೆಬಂಗಾರ ಇರ್ಬೇಕಮ್ಮ. ನೀರು ಬಿಡು, ತೇಲ್ಕೊಂಡು ಹೋಗುತ್ತೆ."

ಅವಳು ನೀರು ಬಿಟ್ಟಳು. ಕಪ್ಪು ಮರಳೂ ಸರಿಯಿತು, ಹಳದಿ ಸರಿಯಲಿಲ್ಲ. ನಾನು ಚೀಲದಿಂದ ಭೂತಗನ್ನಡಿ ತೆಗೆದೆ. ರಾಗಿಕಾಳಿಗಿಂತ ದೊಡ್ಡದು, ಜೋಳಕ್ಕಿಂತ ಚಿಕ್ಕದು. ಒಂದು ಕಡೆ ದುಂಡಗೆ ಕರಗಿದ ಹಾಗೆ, ಇನ್ನೊಂದು ಕಡೆ ಕೂದಲೆಳೆಯಷ್ಟು ಬಾಲ. ನಾನು ನೀರಿನಲ್ಲಿ ಕುಣಿದೆ. ನಿಜವಾಗಿಯೂ ಕುಣಿದೆ. "ಚಿನ್ನ! ಅಮ್ಮ, ಚಿನ್ನ! ನಮ್ಮ ಕ್ಲಾಸಲ್ಲಿ ಯಾರಿಗೂ ಸಿಕ್ಕಿಲ್ಲ!"

ಅಮ್ಮ ಅದನ್ನು ಅಂಗೈಯಲ್ಲಿ ಹಾಕಿಕೊಂಡಳು. ಉಗುರಿನಿಂದ ಆ ಬಾಲವನ್ನು ಮುಟ್ಟಿದಳು. ಇನ್ನೊಮ್ಮೆ ಮುಟ್ಟಿದಳು. ಅವಳ ಮುಖದ ನಗು ಎಲ್ಲಿಗೆ ಹೋಯಿತೆಂದು ನೋಡಲೂ ಸಮಯ ಸಿಗಲಿಲ್ಲ. ದಡದ ಕಡೆ ತಿರುಗಿ ಅಪ್ಪನನ್ನು ಕೇಳಿದಳು:

"ಅವಳ್ನ ಎಲ್ಲಿ ಬಿಟ್ರಿ?"

ಅಪ್ಪ ಬೀಡಿ ಎಳೆದರು.

"ಕೇಳ್ತಾ ಇದೀನಲ್ಲ. ನನ್ ಮಗಳ ಬೂದಿ ಎಲ್ಲಿ ಬಿಟ್ರಿ?"

ಅಪ್ಪ ಬೀಡಿ ಹಿಡಿದ ಕೈಯನ್ನೇ ಎತ್ತಿ ತೋರಿಸಿದರು. "ಅಗೋ. ಆ ಹೊಂಗೆ ಮರದ ಬುಡದಾಗೆ."

ಚಿಕ್ಕಮ್ಮ ಒದ್ದೆ ಸೀರೆಯಲ್ಲಿ ನಿಂತಲ್ಲೇ ನಡುಗತೊಡಗಿದಳು. ಬಿಸಿಲು ಚೆನ್ನಾಗಿಯೇ ಇತ್ತು.

ನಾನು ಅಮ್ಮನಿಗೆ ಹೇಳಿದೆ, ಇದು ಅವಳದೇ ಎಂದು ಹೇಳಲಾಗುವುದಿಲ್ಲ, ಹೊಳೆಯ ಚಿನ್ನವೂ ಹೀಗೇ ಇರುತ್ತದೆ, ಉರುಳಿ ಉರುಳಿ ದುಂಡಗಾಗುತ್ತದೆ. ಹೇಳುವಾಗಲೇ ನನಗೆ ಗೊತ್ತಿತ್ತು, ಉರುಳಿ ಬಂದದ್ದಕ್ಕೆ ಮೂಗುಬೊಟ್ಟಿನ ತಂತಿಯಂಥ ಆ ಬಾಲ ಉಳಿಯುವುದಿಲ್ಲ. ಅಮ್ಮ ಕೇಳಿಸಿಕೊಳ್ಳಲಿಲ್ಲ. "ಬಾಯಲ್ಲಿಟ್ಟು ಕಳ್ಸಿದ್ದನ್ನ ನಾನೇ ಕಿತ್ಕೊಂಡೆನಲ್ಲೋ" ಎಂದಳು. "ಕೊಟ್ಬಿಡು. ಈಗ್ಲೇ ಅವಳಿಗೆ ಕೊಟ್ಬಿಡು."

"ನಾನು ಬಿಟ್ಟು ಬರ್ತೀನಿ. ಅಲ್ಲೇ, ಮರದ ಹತ್ರಾನೇ" ಎಂದೆ.

ಒಬ್ಬನೇ ನಡೆದೆ. ಹೊಂಗೆಯ ಬುಡದಲ್ಲಿ ನೀರು ನೆರಳಾಗಿ ತಣ್ಣಗಿತ್ತು. ಬೇರಿನ ಸಂದಿಯಲ್ಲಿ ಒಡೆದ ಮಡಕೆಯ ಚೂರುಗಳು ಇದ್ದವು. ನನ್ನ ಮುಷ್ಟಿಯಲ್ಲಿ ಆ ಕಾಳು ಇತ್ತು, ಚೀಲದಲ್ಲಿ ಗಾಜಿನ ಕೊಳವೆ ಇತ್ತು. ನಾನು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಫೇಲಾದ ಪ್ರಾಕ್ಟಿಕಲ್ ನೆನಪಾಯಿತು. ಇದಿದ್ದರೆ ಪರೀಕ್ಷಕರು ನನ್ನನ್ನು ಫೇಲು ಮಾಡಲಾರರು ಎನಿಸಿತು. ಅವಳು ಇದಕ್ಕೇ ಅಲ್ಲವೇ ಕಡ್ಡಿ ಹೊಸೆದದ್ದು, ಅವಳೇ ಇದನ್ನು ಕಳಿಸಿರಬಹುದಲ್ಲ ಎಂದೂ ಎನಿಸಿತು. ಬೇಕಾದಾಗ ಇಂಥ ಯೋಚನೆಗಳು ಬರುತ್ತವೆ. ಕಾಳನ್ನು ಕೊಳವೆಗೆ ಹಾಕಿ ಬಿರಡೆ ಒತ್ತಿದೆ. ಕೆಳಗಿನಿಂದ ಮೂವರೂ ನನ್ನ ಬೆನ್ನನ್ನು ನೋಡುತ್ತಿದ್ದಾರೆಂದು ಗೊತ್ತಿತ್ತು. ಒಂದು ಕಲ್ಲೆತ್ತಿ ನೀರಿಗೆ ಹಾಕಿದೆ. ಬುಳಕ್ ಎಂದಿತು.

ವಾಪಸ್ಸು ಬಂದಾಗ ಅಮ್ಮ ಕೇಳಿದಳು, "ಕೊಟ್ಯಾ?"

"ಕೊಟ್ಟೆ."

ಚಿತ್ರಾನ್ನದ ಗಂಟನ್ನು ಬಿಚ್ಚದೆಯೇ ಮನೆಗೆ ತಂದೆವು.

ಆಮೇಲಿನ ಚಳಿಗಾಲವೆಲ್ಲ ನಾನು ಓದಿದೆ. ಅಮ್ಮ ಬೆಳಗ್ಗೆ ಒಲೆ ಹಚ್ಚುವಾಗ ಅವಳ ಕಣ್ಣು ಕೆಂಪಗಿರುತ್ತಿತ್ತು. "ಹೊಗೆ" ಎನ್ನುತ್ತಿದ್ದಳು. "ನಿದ್ದೆ ಬರ್ತಾ ಇದೆಯೇನಮ್ಮ?" ಎಂದರೆ, "ಚೆನ್ನಾಗ್ ಬರ್ತೈತೆ. ಅವಳೂ ಈಗ ಬರಲ್ಲ, ಏನೂ ಕೇಳಲ್ಲ. ನೀನು ಓದ್ಕೋ" ಎನ್ನುತ್ತಿದ್ದಳು. ನನಗೆ ಮಾತ್ರ ಬರುತ್ತಿದ್ದಳು. ಕನಸಿನಲ್ಲಿ ಸರೋಜಕ್ಕ ನಲ್ಲಿಯ ಹತ್ತಿರ ನಿಂತಿರುತ್ತಿದ್ದಳು. ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು, ಒಳಗೆ ಏನೂ ಇರುತ್ತಿರಲಿಲ್ಲ. ಕೊಳವೆ ನನ್ನ ಟ್ರಂಕಿನಲ್ಲಿ ಪುಸ್ತಕಗಳ ಕೆಳಗಿತ್ತು. ನಾನು ತೆಗೆದು ನೋಡುತ್ತಿರಲಿಲ್ಲ.

ಪ್ರಾಕ್ಟಿಕಲ್ ದಿನ ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು. ಇತರರ ಕಪ್ಪು ಮರಳನ್ನು ನೋಡಿ ನೋಡಿ ಆಕಳಿಸುತ್ತಿದ್ದರು. ನನ್ನ ಕೊಳವೆ ಎತ್ತಿ ಬೆಳಕಿಗೆ ಹಿಡಿದವರು ನೆಟ್ಟಗೆ ಕುಳಿತರು.

"ಎಲ್ಲಿ ಸಿಕ್ತು?"

"ವೃಷಭಾವತಿ ಸಾರ್, ಕೆಂಗೇರಿ."

"ನೀವೇ ತೊಳ್ದಿದ್ದಾ?"

"ನಮ್ಮ ಮನೆಯವರೆಲ್ಲ ಸೇರಿ ಸಾರ್."

ಅವರು ನಕ್ಕರು. ಬಿರಡೆಯನ್ನು ಬೆರಳಿನಿಂದ ಉಜ್ಜಿ, "ಇದೇನ್ರೀ ಕೆಂಪು?" ಎಂದರು. ಬಿರಡೆಯ ತಲೆಯ ಮೇಲೆ ಒಂದು ಕೆಂಪು ಕಲೆ ಇತ್ತು. ನಾನು ಅದನ್ನು ಆಗಲೇ ನೋಡಿದ್ದು. "ಲೇಬಲ್ ಬರೆಯೋವಾಗ ಇಂಕು ತಾಗಿರ್ಬೇಕು ಸಾರ್" ಎಂದೆ. ಗಟ್ಟಿತನದ ಪಟ್ಟಿ ಕೇಳಿದರು. ಬಾಯಿ ತೆರೆದೆ, ಮೊದಲ ಹೆಸರು ಹೊರಬರುವ ಮೊದಲೇ ನನ್ನ ಕಿವಿಯಲ್ಲಿ ಅವಳ ರಾಗ ಶುರುವಾಯಿತು. ಅದರ ಹಿಂದೆಯೇ ಹೇಳುತ್ತ ಹೋದೆ, ಒಂದೂ ತಪ್ಪಲಿಲ್ಲ. ಕೊನೆಗೆ ಅವರು ಕೊಳವೆಯನ್ನು ಮತ್ತೆ ಎತ್ತಿ ಕೇಳಿದರು, "ಇದರ ಮೂಲ ಯಾವುದು? ಎಲ್ಲಿಂದ ಬಂದಿರ್ಬಹುದು?"

"ಮೂಲ ಗೊತ್ತಿಲ್ಲ ಸಾರ್."

"ಪ್ರಾಮಾಣಿಕವಾದ ಉತ್ತರ" ಎಂದರು ಅವರು. ಕೊಳವೆಯನ್ನು ನನಗೆ ವಾಪಸ್ಸು ಕೊಡಲಿಲ್ಲ. ನಮ್ಮ ಮೇಷ್ಟ್ರ ಕೈಗೆ ಕೊಟ್ಟು, "ನಿಮ್ಮ ಮ್ಯೂಸಿಯಮ್ಮಲ್ಲಿ ಇಡಿ ಇದನ್ನ" ಎಂದರು.

ಜೂನ್ ತಿಂಗಳಲ್ಲಿ ಫಲಿತಾಂಶ ಬಂತು. ಎರಡೂ ಪ್ರಾಕ್ಟಿಕಲ್ ಪಾಸು, ಕೊನೆಯ ವರ್ಷದಲ್ಲಿ ಫಸ್ಟ್ ಕ್ಲಾಸ್. ಅಪ್ಪ ಗಿರಣಿಯ ಬಟ್ಟೆಯಲ್ಲೇ ಓಡಿಬಂದು ವಠಾರದ ನಡುವೆ ನಿಂತು, ಯಾರನ್ನೂ ನೋಡದೆ, "ನನ್ ಮಗ ಗ್ರಾಜುಯೇಟು" ಎಂದು ಎರಡು ಸಲ ಹೇಳಿದರು. ಚಿಕ್ಕಮ್ಮ ಎಂಟೂ ಮನೆಗೆ ಸಕ್ಕರೆ ಹಂಚಿದಳು. ಜಾಲಗಾರ ಮುನಿಯಮ್ಮನೂ ಬಂದು, "ನನ್ ಶಿಷ್ಯ ಪಾಸು!" ಎಂದು ಕೈಯೊಡ್ಡಿ ಸಕ್ಕರೆ ಬಾಯಿಗೆ ಹಾಕಿಕೊಂಡಳು. ಎಲ್ಲರೂ ಹೋದ ಮೇಲೆ ಅಮ್ಮ ಹಲಗೆಯ ಮುಂದೆ ಕುಳಿತು ಕಡ್ಡಿ ಎತ್ತಿಕೊಂಡಳು.

"ಪಾಸಾದ್ಯಲ್ಲ ನಂಜ."

"ಹೂಂ ಅಮ್ಮ."

"ಇನ್ನು ಅವಳ್ದು ಅವಳಿಗೆ ಕೊಟ್ಬಿಡು."

ಅಮ್ಮ ತಲೆ ಎತ್ತಲಿಲ್ಲ.

"ಅಷ್ಟ್ ಚಿಕ್ಕ ಕಾಳು ನೀರಿಗೆ ಬಿದ್ರೆ ಸದ್ದು ಬರ್ತೈತೇನೋ? ಆವತ್ತೇ ಗೊತ್ತಾಯ್ತು ನಂಗೆ. ಆಮೇಲೆ ನಿನ್ ಟ್ರಂಕಲ್ಲಿ ನೋಡ್ದೆ. ಶುಕ್ರವಾರ ಶುಕ್ರವಾರ ಒಂದ್ಚೂರು ಕುಂಕುಮ ಇಡ್ತಿದ್ದೆ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಅವಳು ದಿನಾ ಬಂದು ಕೇಳ್ತಿದ್ಲು. ಒಂದ್ ಸ್ವಲ್ಪ ತಡ್ಕೊಳೇ, ಅವನ ಪರೀಕ್ಷೆ ಮುಗೀಲಿ ಅಂತಿದ್ದೆ." ಒಂದು ಕಡ್ಡಿ, ಒಂದು ಉರುಳು. "ಇದ್ದಾಗ್ಲೂ ಅದನ್ನೇ ಹೇಳಿದ್ದೆ ಅವಳಿಗೆ."

ಮರುದಿನವೇ ಕಾಲೇಜಿಗೆ ಓಡಿದೆ. ವಿಭಾಗದ ಅಟೆಂಡರು ದಪ್ಪ ರಿಜಿಸ್ಟರು ತೆರೆದು ತೋರಿಸಿದ. ನಂಬರು ಬಿದ್ದಿತ್ತು. "ಒಂದ್ಸಲ ನಂಬರ್ ಬಿದ್ರೆ ಮುಗೀತು ಸಾರ್. ಪ್ರಿನ್ಸಿಪಾಲ್ರು ಕೇಳಿದ್ರೂ ಕೊಡಕ್ಕಾಗಲ್ಲ." ನಮ್ಮ ಮೇಷ್ಟ್ರನ್ನು ಕೇಳಿದೆ. ಅವರು ಬೆನ್ನು ತಟ್ಟಿ, "ಹುಚ್ಚಪ್ಪ, ನಿನ್ನ ಹೆಸರು ಇಲ್ಲಿ ಶಾಶ್ವತವಾಗಿ ಇರುತ್ತೆ. ಹೆಮ್ಮೆ ಪಡು" ಎಂದರು. ಅದು ಯಾರ ಬಾಯಿಂದ ಬಂದದ್ದೆಂದು ಅವರಿಗೆ ಹೇಳಬಹುದಿತ್ತು. ಹೇಳಿದ್ದರೆ ಪರೀಕ್ಷೆಯಲ್ಲಿ ಹೇಳಿದ್ದು ಸುಳ್ಳೆಂದಾಗುತ್ತಿತ್ತು, ಡಿಗ್ರಿಗೇ ಸಂಚಕಾರ. ಹೇಳಲಿಲ್ಲ.

ಅಮ್ಮನಿಗೆ ಮಾತ್ರ ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ. ಇದ್ದದ್ದನ್ನು ಹೇಳಿದೆ. ಅವಳು ಕೈಯಲ್ಲಿದ್ದ ಕಡ್ಡಿಯನ್ನು ಹೊಸೆದು ಮುಗಿಸಿ, "ನೋಡಕ್ಕಾದ್ರೂ ಬಿಡ್ತಾರಾ?" ಎಂದಳು.

ಕರೆದುಕೊಂಡು ಹೋದೆ. ಹಬ್ಬದ ಸೀರೆ ಉಟ್ಟು, ಹೂ ಮುಡಿದು ಬಂದಳು. ಕಾಲೇಜಿನ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟಳು, ಬೇಡವೆಂದರೂ ಕೇಳಲಿಲ್ಲ. ಮ್ಯೂಸಿಯಂ ಎಂದರೆ ಒಂದು ಉದ್ದನೆಯ ಕೋಣೆ, ಸಾಲಾಗಿ ಗಾಜಿನ ಕಪಾಟುಗಳು. ಮೂರನೆಯ ಕಪಾಟಿನ ನಡುವಿನ ಹಲಗೆಯಲ್ಲಿ, ಹತ್ತಿಯ ಮೇಲೆ, ಆ ಕೊಳವೆ ಮಲಗಿತ್ತು. ಬಿರಡೆಯ ಕೆಂಪು ಹಾಗೇ ಇತ್ತು.

"ಏನ್ ಬರ್ದಿದೀಯ? ಓದು."

ಇಂಗ್ಲಿಷಿನಲ್ಲಿದ್ದುದನ್ನು ನಾನು ಕನ್ನಡದಲ್ಲಿ ಓದಿದೆ. ಚಿನ್ನ. ಸಿಕ್ಕಿದ ಜಾಗ ವೃಷಭಾವತಿ, ಕೆಂಗೇರಿ. ಸಂಗ್ರಹಿಸಿದವರು, ಎಂದು ನನ್ನ ಹೆಸರು.

"ಇನ್ನೊಂದ್ ಸಾಲು ಐತಲ್ಲ."

"ಅದು... ಎಲ್ಲಿಂದ ಬಂತು ಅನ್ನೋದು."

"ಏನಂತ ಬರ್ದಿದೀಯ?"

"ಗೊತ್ತಿಲ್ಲ ಅಂತ."

ಅಮ್ಮ ಗಾಜಿನ ಹತ್ತಿರಕ್ಕೆ ಬಂದಳು. ತನ್ನ ಹಣೆಯ ಕುಂಕುಮವನ್ನು ಬೆರಳಿನಿಂದ ಮುಟ್ಟಿ, ಕೊಳವೆಯ ನೇರಕ್ಕೆ ಗಾಜಿನ ಮೇಲೆ ಒಂದು ಬೊಟ್ಟು ಇಟ್ಟಳು. ಅಟೆಂಡರು ಏನೋ ಹೇಳಲು ಬಂದವನು ನನ್ನ ಮುಖ ನೋಡಿ ಹಿಂದೆ ಸರಿದ. ಅವಳು ಕೋಣೆಯನ್ನು ಒಮ್ಮೆ ಸುತ್ತ ನೋಡಿದಳು. ಬೆಂಚುಗಳು, ಕರಿಹಲಗೆ, ಕಿಟಕಿಯ ಆಚೆ ಪುಸ್ತಕ ಎದೆಗವಚಿಕೊಂಡು ಹೋಗುತ್ತಿದ್ದ ಇಬ್ಬರು ಹುಡುಗಿಯರು.

"ಹೋಗ್ಲಿ ಬಿಡು" ಎಂದಳು. "ಅವಳೂ ಕಾಲೇಜ್ ಸೇರಿದ್ಲು."

ಅಮ್ಮ ಮತ್ತೆ ಅದರ ಮಾತೆತ್ತಲಿಲ್ಲ. ಅವಳ ಕಣ್ಣಿನ ಕೆಂಪು ಕೊನೆಯವರೆಗೂ ಇಳಿಯಲಿಲ್ಲ. ಸರ್ಕಾರಿ ಕೆಲಸ ಸಿಕ್ಕಿ ನಾನು ಊರೂರು ತಿರುಗಿದೆ. ಬೆಂಗಳೂರಿಗೆ ಬಂದಾಗಲೆಲ್ಲ ಯಾವುದೋ ನೆಪದಿಂದ ಆ ಕೋಣೆಗೆ ಹೋಗಿ ನಿಲ್ಲುತ್ತಿದ್ದೆ. ಒಂದು ವರ್ಷ ಹೋದಾಗ ವಿಭಾಗ ಮುಚ್ಚಿತ್ತು. ಕೋಣೆಯಲ್ಲಿ ಸಾಲಾಗಿ ಕಂಪ್ಯೂಟರುಗಳಿದ್ದವು. ಹಳೆಯ ಕಪಾಟುಗಳು ಎಲ್ಲಿಗೆ ಹೋದವೆಂದು ಹೇಳಬಲ್ಲವರು ಅಲ್ಲಿ ಯಾರೂ ಉಳಿದಿರಲಿಲ್ಲ.

ಮ್ಯಾಂಗನೀಸು, ಅಭ್ರಕ, ಸುಣ್ಣಕಲ್ಲುಗಳ ನಡುವೆ ಎಲ್ಲೋ ಒಂದು ಮೂಟೆಯಲ್ಲಿ ಅವಳಿದ್ದಾಳೆ. ಬಿರಡೆ ಬಿಚ್ಚಿಕೊಂಡಿದ್ದರೆ ಮತ್ತೆ ಯಾವುದೋ ಮಣ್ಣಿಗೆ, ಯಾವುದೋ ಮಳೆಗೆ, ಯಾವುದೋ ತಿರುವಿಗೆ. ಭಾರದ್ದು ಎಲ್ಲಿ ಇಳಿಯುತ್ತದೆಂದು ನಾನು ಓದಿದ್ದೇನೆ. ಆದ್ದರಿಂದಲೇ ಈ ನೀರು ಕಂಡಾಗ ಮೂಗು ಮುಚ್ಚಿಕೊಳ್ಳುವುದಿಲ್ಲ.

ಅವತ್ತು ರೈಲಿನಲ್ಲಿ ಆ ಹುಡುಗ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ. "ಅಂಕಲ್, ಹೇಳ್ಲೇ ಇಲ್ಲ. ಚಿನ್ನ ಸಿಕ್ತಾ?"

"ಸಿಕ್ತು ಕಣಪ್ಪ. ಒಂದು ಕಾಳು."

"ಹೌದಾ! ಈಗ ಎಲ್ಲಿದೆ?"

ಬಾಗಿಲು ತೆರೆಯಿತು. ವಾಸನೆ ಬಂತು. ಅವರಿಬ್ಬರೂ ಮೂಗು ಹಿಡಿದುಕೊಂಡು ನನ್ನ ಉತ್ತರಕ್ಕೆ ಕಾದರು.

"ಗೊತ್ತಿಲ್ಲ" ಎಂದೆ. ಈ ಸಲ ಅದು ಸುಳ್ಳಾಗಿರಲಿಲ್ಲ.